ಆರನೆಯ ಲೋಟ

ಇಪ್ಪತ್ತು ಲೋಟ ಸಾಕು ಎಂದು ಮಾಲೀಕ ಹೇಳಿ ಹೋಗಿದ್ದ. ತಂಪಕ್ಕ ಇಪ್ಪತ್ತನಾಲ್ಕು ತೊಳೆದಳು. ಸೋಪು ಮುಟ್ಟಿಸದೆ ಬರೀ ಬಿಸಿನೀರಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒರೆಸದೆ, ತಂತಿಯ ಸ್ಟ್ಯಾಂಡಿನ ಮೇಲೆ ಬೋರಲು ಹಾಕಿದಳು. ಲೋಟದಲ್ಲಿ ಸೋಪಿನ ಜಿಡ್ಡು ಚೂರು ಉಳಿದರೂ ನೊರೆ ನಿಲ್ಲುವುದಿಲ್ಲ. ನೊರೆ ನಿಲ್ಲದ ಬಿಯರನ್ನು ದೊಡ್ಡಪ್ಪ ಮೂಸಿಯೂ ನೋಡುವುದಿಲ್ಲ.

ಬ್ರೂವರಿಯ ಲಾರಿ ಓಡಿಸುವ ಲಾರಿಯಣ್ಣ ಬ್ರೆಡ್ಡಿನ ಪೊಟ್ಟಣವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಬಂದ. ಲೋಟಗಳನ್ನು ಕಣ್ಣಲ್ಲೇ ಎಣಿಸಿದ.

"ನಾಲ್ಕು ಜಾಸ್ತಿ ಇದಾವಲ್ಲ. ನೆಂಟರು ಬರ್ತಿದಾರಾ?"

"ಒಡೆದ್ರೆ ಇರ್ಲಿ ಅಂತ."

"ಹದಿನಾರು ವರ್ಷದಲ್ಲಿ ನೀನು ಒಡೆಯೋಕೆ ನೋಡಿದ್ದು ನನ್ನ ತಲೆ ಒಂದನ್ನೇ."

"ಅದೂ ಒಡೀಲಿಲ್ಲ. ಅದೇ ಬೇಜಾರು."

ಅವನು ನಗುತ್ತಾ ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆಯಲು ಹೋದ. ಅವಳು ಲೋಟಗಳ ತಳಕ್ಕೆ ಸೀಮೆಸುಣ್ಣದಲ್ಲಿ ಅಂಕಿ ಹಾಕತೊಡಗಿದಳು. ಒಂದರಿಂದ ಐದರವರೆಗೆ, ನಾಲ್ಕು ಸಾಲು. ಮಿಕ್ಕ ನಾಲ್ಕು ಲೋಟಗಳಿಗೆ ಅಂಕಿ ಹಾಕದೆ ಗಾಲಿಮೇಜಿನ ಕೆಳಗಿನ ಹಲಗೆಯ ಮೇಲೆ, ಕರವಸ್ತ್ರ ಮುಚ್ಚಿ ಇಟ್ಟಳು.

ಅವಳಿಗೆ ತಂಪಕ್ಕ ಎಂಬ ಹೆಸರು ಇಟ್ಟವನು ಲಾರಿಯಣ್ಣನೇ. ಹೊರಗೆ ಎಂಥ ಬಿಸಿಲಿದ್ದರೂ, ಟ್ಯಾಂಕುಗಳು ನಿಂತಿರುವ ನೆಲಮಾಳಿಗೆಯಲ್ಲಿ ಬಾಯಿ ಬಿಟ್ಟರೆ ಉಸಿರು ಬೆಳ್ಳಗೆ ಕಾಣುತ್ತದೆ. ಅಲ್ಲಿ ದುಡಿಯುವವಳು ವರ್ಷವಿಡೀ ಒಂದೇ ಬೂದು ಸ್ವೆಟರಿನಲ್ಲಿರುತ್ತಾಳೆ. ಊಟಕ್ಕೆಂದು ಮೇಲೆ ಬಂದು ಬೆಂಚಿನ ಮೇಲೆ ಕೂತರೆ ಪಕ್ಕದವರಿಗೆ ಫ್ರಿಜ್ಜಿನ ಬಾಗಿಲು ತೆಗೆದಂತಾಗುತ್ತದೆ ಎಂದು ಅವನು ಹೇಳಿದ್ದ. ಹೆಸರು ಅಂಟಿಕೊಂಡಿತು. ಅವಳಿಗಿಂತ ಏಳು ವರ್ಷ ದೊಡ್ಡವನಾದ ಮಾಲೀಕನೂ ತಂಪಕ್ಕ ಎಂದೇ ಕರೆಯುತ್ತಾನೆ.

ಶರತ್ಕಾಲದ ಲಾಗರ್ ಅವಸರದವರ ಬಿಯರ್ ಅಲ್ಲ. ಜರ್ಮನ್ನರ ಹಳೆಯ ಪದ್ಧತಿಯಂತೆ ಮಾರ್ಚಿನಲ್ಲಿ ಕುದಿಸಿ, ಯೀಸ್ಟು ತನ್ನ ಕೆಲಸ ಮಾಡಿದ ಮೇಲೆ ಬೇಸಿಗೆಯಿಡೀ ಕೊರೆಯುವ ಚಳಿಯಲ್ಲಿ ಮಲಗಿಸಿ, ಬಿಸಿಲು ಇಳಿಯುವ ಹೊತ್ತಿಗೆ ತೆಗೆಯುವುದು. ನಡುವೆ ಮೂರು ದಿನದ ಒಂದು ಘಟ್ಟವಿದೆ. ಚಳಿಗೆ ಇಳಿಸುವ ಮೊದಲು ಟ್ಯಾಂಕನ್ನು ಹದಿನಾರು ಡಿಗ್ರಿಯಲ್ಲಿ ಬೆಚ್ಚಗೆ ಬಿಡಬೇಕು. ಯೀಸ್ಟು ತಾನು ಮಾಡಿದ ಗಲೀಜನ್ನು ತಾನೇ ತಿಂದು ಮುಗಿಸುವುದು ಆ ಮೂರು ದಿನದಲ್ಲಿ. ಗಲೀಜು ಉಳಿದರೂ ಟ್ಯಾಂಕಿನ ಚಳಿಯಲ್ಲಿ ಗೊತ್ತಾಗುವುದಿಲ್ಲ. ಬಾಟಲಿಗೆ ಹೋಗಿ, ಅಂಗಡಿಯ ಕಪಾಟಿನಲ್ಲಿ ಮೂರು ವಾರ ಬೆಚ್ಚಗೆ ಕೂತ ಮೇಲೆ ಬಿಯರಿಗೆ ಕರಗಿದ ಬೆಣ್ಣೆಯ ವಾಸನೆ ಹತ್ತುತ್ತದೆ.

ಈ ಸಲ ನಾಲ್ಕನೇ ಟ್ಯಾಂಕು ಬೆಚ್ಚಗಿದ್ದದ್ದು ಒಂದೇ ದಿನ.

ಅದಕ್ಕೆ ಕಾರಣ ದೊಡ್ಡದೇನಲ್ಲ. ಎರಡು ವರ್ಷ ಮಾತು ಬಿಟ್ಟಿದ್ದ ತಂಗಿ ಅವತ್ತು ಫೋನು ಮಾಡಿ, "ಮನೆ ಬದಲಾಯಿಸ್ತಿದೀನಿ. ಬರೋಕಾಗುತ್ತಾ?" ಎಂದಿದ್ದಳು. ಟ್ಯಾಂಕು ಚಳಿಗೆ ಇಳಿಯುವವರೆಗೆ ಯಾರೂ ರಜೆ ಕೇಳಬಾರದು ಎಂದು ಮಾಲೀಕ ಮೊದಲೇ ಹೇಳಿಬಿಟ್ಟಿದ್ದ. ಇನ್ನೆರಡು ದಿನ ತಡೆ ಎಂದು ತಂಗಿಗೆ ಹೇಳುವುದೂ, ಎರಡು ದಿನ ಬಿಡಿ ಎಂದು ಮಾಲೀಕನನ್ನು ಬೇಡುವುದೂ ತಂಪಕ್ಕನಿಗೆ ಒಗ್ಗಲಿಲ್ಲ. ತಣ್ಣೀರಿನ ವಾಲ್ವು ತಿರುಗಿಸಿದಳು. ಪ್ರತಿ ಟ್ಯಾಂಕಿನ ಬಾಗಿಲಿಗೂ ಒಂದು ಸ್ಲೇಟು ತೂಗುಹಾಕಿರುತ್ತದೆ. ಕುದಿಸಿದ ದಿನ, ಡಿಗ್ರಿ, ಎಷ್ಟು ದಿನ ಬೆಚ್ಚಗಿತ್ತು ಎಲ್ಲ ಅದರ ಮೇಲೆ. ಅಲ್ಲಿ '೩ ದಿನ' ಎಂದು ಬರೆದು, ಮಾಲೀಕನಿಗೆ ಟ್ಯಾಂಕು ಇಳಿಯಿತು ಎಂದು ಹೇಳಿ, ಬಸ್ಸು ಹತ್ತಿದಳು. ಬೇಸಿಗೆಯಿಡೀ ಮಲಗಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು. ಆಮೇಲೆ ಪ್ರತಿ ವಾರ ನಲ್ಲಿಯಿಂದ ಒಂದು ಗುಟುಕು ಹಿಡಿದು ನೋಡಿದಾಗಲೂ ರುಚಿ ಚೆನ್ನಾಗಿಯೇ ಇತ್ತು. ಚೆನ್ನಾಗಿ ಏನು, ಅವಳು ಮಾಡಿದವುಗಳಲ್ಲೇ ಮೇಲಾಗಿತ್ತು.

ಆರು ದಿನದ ಹಿಂದೆ ಯಾಕೋ ಮನಸ್ಸು ತಡೆಯಲಿಲ್ಲ. ದೊಡ್ಡಪ್ಪ ಇಲ್ಲಿ ಬಿಯರ್ ಕುದಿಸುತ್ತಿದ್ದ ಕಾಲದಲ್ಲಿ ಒಂದು ಪರೀಕ್ಷೆಯಿತ್ತು. ಟ್ಯಾಂಕಿನ ಬಿಯರನ್ನು ದಪ್ಪ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಕೈ ಸುಡುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ಮತ್ತೆ ತಣ್ಣಗೆ ಮಾಡಿ ಮೂಸುವುದು. ಅಂಗಡಿಯಲ್ಲಿ ಮೂರು ವಾರಕ್ಕೆ ಆಗುವುದು ಅರ್ಧ ಗಂಟೆಯಲ್ಲಿ ಆಗಿ ತೋರುತ್ತದೆ. ದೊಡ್ಡಪ್ಪ ನಿವೃತ್ತನಾದ ಮೇಲೆ ಮಾಲೀಕ ಅದನ್ನು ನಿಲ್ಲಿಸಿದ್ದ. ಸ್ಲೇಟಿನಲ್ಲಿ ಮೂರು ದಿನ ಎಂದು ಇರುವಾಗ ಮತ್ತೇಕೆ ಬಿಸಿನೀರಿನ ಗೋಜು ಎಂಬುದು ಅವನ ವಾದ. ತಂಪಕ್ಕ ಎಲ್ಲರೂ ಊಟಕ್ಕೆ ಹೋದಾಗ ಕೆಟಲ್ಲಿನಲ್ಲಿ ನೀರು ಕಾಯಿಸಿ ಪರೀಕ್ಷೆ ಮಾಡಿದಳು. ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದಳು. ಬೆಣ್ಣೆ. ಎರಡನೇ ಸಲ ಮೂಸುವ ಅಗತ್ಯವೇ ಬೀಳಲಿಲ್ಲ.

ಅವತ್ತಿನಿಂದ ಅವಳು ಯಾರಿಗೂ ಏನೂ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಬಂದವಳೇ ಎರಡು ಬಾಟಲಿ ಬಿಸಿನೀರಿನಲ್ಲಿಟ್ಟು, ತಣಿಸಿ, ಫ್ರಿಜ್ಜಿನಲ್ಲಿ ಹಾಲಿನ ಹಿಂದೆ ಅಡಗಿಸಿದ್ದಳು. ಅವನ್ನು ಹೊರಗೆ ತೆಗೆಯುತ್ತೇನೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಮೂರು ಗಂಟೆಗೆ ಕುಡಿದು ನೋಡುವ ನಾಲ್ವರು ಮೇಜಿನ ಸುತ್ತ ಕೂತರು. ಬಾಟಲಿಗೆ ತುಂಬುವ ಮೊದಲು ಇದು ಪ್ರತಿ ವರ್ಷ ನಡೆಯುವ ಕೆಲಸ. ಬೇರೆಯವರ ನಾಲ್ಕು ಶರತ್ಕಾಲದ ಲಾಗರ್ ತಂದು, ತಮ್ಮದನ್ನೂ ಸೇರಿಸಿ, ಯಾವುದು ಯಾರದೆಂದು ಗೊತ್ತಿಲ್ಲದೆ ಕುಡಿದು ನೋಡುವುದು. ತಮ್ಮದು ಮೊದಲ ಎರಡರಲ್ಲಿ ಬಂದರೆ ತುಂಬಿಸುವುದು, ಇಲ್ಲವಾದರೆ ಇನ್ನಷ್ಟು ದಿನ ಮಲಗಿಸುವುದು. ಸುರಿಯುವವಳು ತಂಪಕ್ಕ. ಸುರಿಯುವವರು ಬಾಯಿ ಬಿಡುವಂತಿಲ್ಲ.

ಮೇಜಿನ ತಲೆಯಲ್ಲಿ ದೊಡ್ಡಪ್ಪ ಕೂತ. ಮಾಲೀಕನ ತಂದೆಯ ಅಣ್ಣ. ಆದರೆ ಎಲ್ಲರಿಗೂ ದೊಡ್ಡಪ್ಪನೇ. ಎಡಕ್ಕೆ ಮಾಲೀಕ. ಬಲಕ್ಕೆ ಅವನ ಹೆಂಡತಿ; ಬ್ರೂವರಿಯ ಮುಂಭಾಗದ ಬಾರನ್ನು ನೋಡಿಕೊಳ್ಳುವವಳು. ಮಾಲೀಕನ ತಮ್ಮ ಇಲ್ಲಿ ಕೆಲಸಕ್ಕಿದ್ದಷ್ಟು ದಿನ ಅವಳನ್ನು ಅತ್ತಿಗೆ ಎಂದು ಕೂಗುತ್ತಿದ್ದ. ತಮ್ಮ ಬಿಟ್ಟುಹೋದ, ಅತ್ತಿಗೆ ಎಂಬ ಹೆಸರು ಉಳಿಯಿತು. ಗಿರಾಕಿಗಳೂ ಈಗ ಹಾಗೇ ಕರೆಯುತ್ತಾರೆ. ಕೊನೆಯಲ್ಲಿ ಲಾರಿಯಣ್ಣ.

ಮಾಲೀಕನ ಕುರ್ಚಿಯ ಕೆಳಗೆ ಕಂದು ಕಾಗದದಲ್ಲಿ ಸುತ್ತಿದ ಒಂದು ಕಟ್ಟು ಇತ್ತು. ಅದರಲ್ಲಿ ಏನಿದೆಯೆಂದು ತಂಪಕ್ಕನಿಗೆ ಗೊತ್ತು. ನಿನ್ನೆ ಆಫೀಸಿನ ಮೇಜಿನ ಮೇಲೆ ಕಟ್ಟಿನ ಮೂಲೆ ಹರಿದಿತ್ತು. ಈ ವರ್ಷದ ಲೇಬಲ್ಲುಗಳು. ಮೂವತ್ತು ವರ್ಷ ಶರತ್ಕಾಲದ ಬಾಟಲಿಯ ಮೇಲೆ ದೊಡ್ಡಪ್ಪನ ಸಹಿ ಇರುತ್ತಿತ್ತು. ಅವನು ನಿವೃತ್ತನಾದ ಮೇಲೆ ನಾಲ್ಕು ವರ್ಷ ಆ ಜಾಗ ಖಾಲಿ. ಈ ಸಲ ಅಲ್ಲಿ ಅವಳ ಸಹಿ ಅಚ್ಚಾಗಿತ್ತು. ರಜೆ ಅರ್ಜಿಯ ಕೆಳಗೆ ಹಾಕಿದ್ದನ್ನೇ ನೋಡಿ ತೆಗೆದದ್ದಿರಬೇಕು, ಕೊನೆಯ ಗೆರೆ ಅವಸರದಲ್ಲಿ ಎಳೆದ ಹಾಗಿತ್ತು. ಸಹಿ ಬಂದರೆ ನೆಲಮಾಳಿಗೆ ಅವಳದೇ. ಏನು ಕುದಿಸಬೇಕು, ಎಷ್ಟು ದಿನ ಮಲಗಿಸಬೇಕು ಎಂದು ಅವಳು ಹೇಳುತ್ತಾಳೆ, ಬೇರೆಯವರು ಮಾಡುತ್ತಾರೆ.

ಅವಳು ಮೊದಲನೆಯದನ್ನು ಸುರಿದಳು. ತಿಳಿ ಹೊನ್ನಿನ ಬಣ್ಣ, ಆ ಕಡೆಯ ಗೋಡೆ ಕಾಣುವಷ್ಟು ತಿಳಿ.

"ಇದು ಸ್ಟೇಷನ್ ಹಿಂದಿನ ಬ್ರೂವರಿ ಹುಡುಗರದು," ಎಂದ ಮಾಲೀಕ.

"ಊಹೆ ಬೇಡ, ಕುಡಿ," ಎಂದ ದೊಡ್ಡಪ್ಪ. ತಾನು ಒಂದು ಗುಟುಕು ಕುಡಿದು ಬಾಯಿ ಒರೆಸಿಕೊಂಡ. "ಹಗುರ. ತೊಂದರೆ ಏನಿಲ್ಲ. ಇತ್ತೀಚೆಗೆ ಎಲ್ಲ ಬೆಳ್ಳಗೇ ಮಾಡ್ತಾರೆ. ಮಾಲ್ಟ್ ಹುರಿಯೋದಕ್ಕೆ ಸೋಮಾರಿತನ."

"ಜನ ಕೇಳೋದೂ ಇದನ್ನೇ, ದೊಡ್ಡಪ್ಪ," ಎಂದಳು ಅತ್ತಿಗೆ. "ಒಂದಾದ ಮೇಲೆ ಒಂದು ಇಳಿಯುತ್ತೆ."

"ನೀರೂ ಇಳಿಯುತ್ತೆ."

ಎರಡನೆಯದು ತಾಮ್ರದ ಬಣ್ಣದ್ದು. ನೊರೆ ಬೆರಳಿನ ದಪ್ಪ ಕೂತು, ಕುಡಿದಂತೆ ಲೋಟದ ಒಳಗೆ ಉಂಗುರ ಉಂಗುರವಾಗಿ ಅಂಟಿತು. ದೊಡ್ಡಪ್ಪ ಬ್ರೆಡ್ಡಿನ ಅಂಚನ್ನು ಮುರಿದು ಮೂಸಿ, ಲೋಟವನ್ನು ಮೂಸಿ, ಮತ್ತೆ ಬ್ರೆಡ್ಡನ್ನು ಮೂಸಿದ. "ಎರಡಕ್ಕೂ ಒಂದೇ ವಾಸನೆ. ಇವನ್ಯಾರೋ ಕೆಲಸ ಕಲಿತವನು."

ಮೂರನೆಯದು ಯಾರಿಗೂ ಹಿಡಿಸಲಿಲ್ಲ. ಸಕ್ಕರೆ ಪಾಕದ ಹಾಗೆ ನಾಲಿಗೆಗೆ ಅಂಟುತ್ತಿತ್ತು. ಇದನ್ನು ಲಾರಿಯ ಎಂಜಿನ್ನಿಗೆ ಹಾಕಿದರೆ ಪಿಸ್ಟನ್ನು ಅಲ್ಲೇ ಹಿಡಿದುಕೊಳ್ಳುತ್ತೆ ಎಂದ ಲಾರಿಯಣ್ಣ.

ನಾಲ್ಕನೆಯದನ್ನು ಸುರಿಯುವಾಗ ತಂಪಕ್ಕ ಯಾರ ಮುಖವನ್ನೂ ನೋಡಲಿಲ್ಲ. ಲೋಟ ಓರೆ ಹಿಡಿದು, ನೊರೆ ಏರಿಸಿ, ನೆಟ್ಟಗೆ ಮಾಡಿದಳು. ಕಡುಗೆಂಪು ಮರಕ್ಕೆ ಎಣ್ಣೆ ಸವರಿದ ಬಣ್ಣ. ಎಲ್ಲರೂ ಕುಡಿದರು. ಅತ್ತಿಗೆ ಕಣ್ಣು ಮುಚ್ಚಿದಳು. ಲಾರಿಯಣ್ಣ ತಮಾಷೆ ಮರೆತು ಲೋಟವನ್ನು ಮತ್ತೆ ಮೂಗಿಗೆ ಹಿಡಿದ. ಅದು ವರ್ಷಕ್ಕೊಂದು ಸಲ ಆಗುವಂಥದು.

"ಮೊದಲು ಸಿಹಿ ಅನ್ಸುತ್ತೆ," ಎಂದಳು ಅತ್ತಿಗೆ ನಿಧಾನವಾಗಿ. "ನುಂಗಿದ ಮೇಲೆ ಸಿಹಿ ಇರೋದೇ ಇಲ್ಲ. ಎಲ್ಲಿ ಹೋಯ್ತು ಅಂತ ನೋಡೋಕೆ ಇನ್ನೊಂದು ಗುಟುಕು ಬೇಕಾಗುತ್ತೆ."

ದೊಡ್ಡಪ್ಪ ಕೊನೆಯ ಗುಟುಕು ಇಳಿಸಿದ. ಖಾಲಿ ಲೋಟವನ್ನು ತಂಪಕ್ಕನ ಕಡೆಗೆ ತಳ್ಳಿದ. ಅವನ ಪರೀಕ್ಷೆ ಯಾವಾಗಲೂ ಇಷ್ಟೇ. ಕುಡಿದು ಉಗುಳುವವರನ್ನು, ಅಂಕ ಹಾಕುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಎರಡನೇ ಸಲ ಕೇಳುವಂತಿದ್ದರೆ ಅದು ಬಿಯರ್, ಇಲ್ಲದಿದ್ದರೆ ಅಲ್ಲ. ಅವಳು ಮತ್ತೆ ತುಂಬಿದಳು. ಬಾಟಲಿಯ ಕುತ್ತಿಗೆಯನ್ನು ಲೋಟದ ಅಂಚಿಗೆ ಆನಿಸಿ ಹಿಡಿದಳು.

ಐದನೆಯದು ಜರ್ಮನಿಯಿಂದಲೇ ಬಂದದ್ದು. ಒಳಗೆಲ್ಲೋ ಒಳ್ಳೆಯ ಬಿಯರ್ ಇತ್ತು, ಆದರೆ ಹಡಗು, ಗೋದಾಮು, ಲಾರಿ ಎಲ್ಲ ಸುತ್ತಿ ಒದ್ದೆ ರಟ್ಟಿನ ವಾಸನೆ ಹಿಡಿದಿತ್ತು. "ಪಾಪ, ಪ್ರಯಾಣ ಮಾಡಿ ಸುಸ್ತಾಗಿದೆ," ಎಂದ ದೊಡ್ಡಪ್ಪ. "ಅದರ ಊರಲ್ಲೇ ಕುಡೀಬೇಕಿತ್ತು."

ಚೀಟಿ ಬರೆದದ್ದಾಯಿತು. ಮೂವರು ನಾಲ್ಕನೆಯದನ್ನು ಮೊದಲು ಬರೆದಿದ್ದರು. ಲಾರಿಯಣ್ಣ ಮಾತ್ರ ಎರಡನ್ನು ಮೊದಲು, ನಾಲ್ಕನ್ನು ಆಮೇಲೆ ಬರೆದಿದ್ದ. ಮಾಲೀಕ ಲೋಟದ ತಳ ತಿರುಗಿಸಿ ನೋಡಿ, ತಂಪಕ್ಕನ ಮುಖ ನೋಡಿದ.

"ನಾಲ್ಕು ನಮ್ಮದು ತಾನೇ?"

"ನಮ್ಮದು."

ಅವನು ಮೇಜಿನ ಮೇಲೆ ಅಂಗೈ ಬಡಿದ. "ನಂಗೆ ಗೊತ್ತಿತ್ತು. ಸೋಮವಾರ ತುಂಬಿಸ್ತೀವಿ. ಎಲ್ಲರದೂ ಆಗ್ಲೇ ಅಂಗಡೀಲಿದೆ, ನಾವೇ ಕೊನೆ. ಲಾರಿಯಣ್ಣ, ಬುಧವಾರ ಮೊದಲ ಲೋಡು."

"ರಸ್ತೆ ಕೊನೆ ಅಂಗಡಿಗೆ ಕಮ್ಮಿ ಕೊಡಿ ಸಾರ್," ಎಂದ ಲಾರಿಯಣ್ಣ ಬ್ರೆಡ್ಡು ಅಗಿಯುತ್ತಾ. "ಆ ಮಹಾಶಯ ಬಾಟಲೀನೆಲ್ಲ ಕಿಟಕೀಲಿ ಜೋಡಿಸ್ತಾನೆ, ಚೆಂದ ಕಾಣ್ಲಿ ಅಂತ. ಇಡೀ ಮಧ್ಯಾಹ್ನ ಬಿಸಿಲು ಹೊಡೆಯುತ್ತೆ. ಮುಟ್ಟಿ ನೋಡಿದ್ರೆ ಮಗೂಗೆ ಜ್ವರ ಬಂದ ಹಾಗಿರುತ್ತೆ."

ಮಾಲೀಕ ಬಗ್ಗಿ ಕುರ್ಚಿಯ ಕೆಳಗಿನ ಕಟ್ಟಿಗೆ ಕೈ ಹಾಕಿದ. ಅಷ್ಟರಲ್ಲಿ ತಂಪಕ್ಕ ಫ್ರಿಜ್ಜಿನ ಕಡೆ ನಡೆದಿದ್ದಳು. ಹಾಲನ್ನು ಪಕ್ಕಕ್ಕೆ ಸರಿಸಿ ಎರಡು ಬಾಟಲಿ ತಂದಳು. ಕರವಸ್ತ್ರ ತೆಗೆದು ನಾಲ್ಕು ಲೋಟ ಮೇಲಿಟ್ಟಳು.

"ಇನ್ನೊಂದಿದೆ," ಎಂದಳು.

"ಇನ್ನೊಂದಾ? ಯಾರದು?" ಮಾಲೀಕ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ.

"ಕುಡಿದು ಹೇಳಿ."

"ನೋಡಿದ್ರಾ, ನೆಂಟರು ಬಂದೇ ಬಂದ್ರು," ಎಂದ ಲಾರಿಯಣ್ಣ.

ಅವಳು ಸುರಿದಳು. ಅದೇ ಬಣ್ಣ, ಅದೇ ನೊರೆ. ಎಲ್ಲರೂ ಲೋಟ ಎತ್ತಿದರು. ಮೊದಲು ಕೆಳಗಿಟ್ಟವಳು ಅತ್ತಿಗೆ.

"ಸಿನಿಮಾ ಥಿಯೇಟರ್ ವಾಸನೆ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಮಾಡ್ತಾರಲ್ಲ, ಅಲ್ಲಿಯದು."

"ಬೆಣ್ಣೆ," ಎಂದ ಮಾಲೀಕ. ಮುಖ ಸಿಂಡರಿಸಿ ನೀರು ಕುಡಿದ. "ಹೀಗೆ ಮಾಡಿ ಮಾರ್ತಾರಲ್ಲ, ನಾಚಿಕೆ ಅನ್ನೋದಿಲ್ವಾ ಇವರಿಗೆ? ಎಲ್ಲಿಂದ ತಂದೆ ಇದನ್ನ?"

ದೊಡ್ಡಪ್ಪ ಕುಡಿಯಲೇ ಇಲ್ಲ. ಮೂಸಿದವನು ಲೋಟವನ್ನು ಮೇಜಿನ ಮೇಲಿಟ್ಟು, ಅದರ ಪಕ್ಕಕ್ಕೆ ತನ್ನ ನಾಲ್ಕನೆಯ ಲೋಟವನ್ನು ಸರಿಸಿ, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದ. ಆಮೇಲೆ ತಂಪಕ್ಕನ ಕಡೆ ನೋಡಿದ.

"ಎಷ್ಟು ಹೊತ್ತು ಬಿಸಿನೀರಲ್ಲಿಟ್ಟೆ?"

"ಅರ್ಧ ಗಂಟೆ."

"ನಾಲ್ಕನೇ ಟ್ಯಾಂಕಿಂದಾ?"

"ಹೂಂ. ನಮ್ಮದೇ ಇದು."

ಲಾರಿಯಣ್ಣ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟ. ಮಾಲೀಕ ಇಬ್ಬರನ್ನೂ ನೋಡಿದ. "ಸ್ಲೇಟಿನ ಮೇಲೆ ಮೂರು ದಿನ ಅಂತ ಇದೆ. ನಾನೇ ನೋಡಿದೀನಿ."

"ಬರೆದಿದ್ದು ಮೂರು. ಇಟ್ಟಿದ್ದು ಒಂದು."

"ಯಾಕೆ?"

"ಊರಿಗೆ ಹೋಗ್ಬೇಕಿತ್ತು. ತಂಗಿ ಮನೆ ಸಾಮಾನು ಸಾಗಿಸೋದಿತ್ತು."

"ಸಾಮಾನು," ಎಂದ ಮಾಲೀಕ. ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಮಾರ್ಚಿನಿಂದ ಆರು ತಿಂಗಳು ಆ ಸ್ಲೇಟಿನ ಮುಂದೆ ದಿನಾ ಓಡಾಡಿದ್ಯಲ್ಲ. ಒಂದಿನಾನೂ ಬಾಯಿಗೆ ಬರ್ಲಿಲ್ವಾ?"

ಅವಳು ಕರವಸ್ತ್ರವನ್ನು ಮಡಿಸಿ ಗಾಲಿಮೇಜಿನ ಮೇಲಿಟ್ಟಳು.

"ಸರಿಮಾಡೋಕಾಗುತ್ತಾ?" ಅತ್ತಿಗೆ ಕೇಳಿದಳು.

"ಆಗುತ್ತೆ. ಎರಡನೇ ಟ್ಯಾಂಕಲ್ಲಿ ಹೊಸ ಲಾಗರ್ ಉಕ್ಕಿ ಬರ್ತಿದೆ. ಅದರಲ್ಲಿ ಯೀಸ್ಟು ಜೀವಂತವಾಗಿದೆ. ಒಂದಿಷ್ಟು ಇದಕ್ಕೆ ಸೇರಿಸಿ, ಮತ್ತೆ ಬೆಚ್ಚಗೆ ಮಾಡಿದ್ರೆ ತಿಂದು ಮುಗಿಸುತ್ತೆ. ಆಮೇಲೆ ಮತ್ತೆ ಚಳಿಗೆ ಇಳಿಸ್ಬೇಕು. ಐದು ವಾರ."

"ಐದು ವಾರಕ್ಕೆ ಎಲ್ಲರದೂ ಮುಗಿದಿರುತ್ತೆ. ಜನ ಬೇರೆ ಬಿಯರಿಗೆ ಹೋಗಿರ್ತಾರೆ," ಎಂದ ಮಾಲೀಕ.

"ಹೌದು."

"ಇದೇ ರುಚಿ ಬರುತ್ತಾ?" ಅವನು ನಾಲ್ಕನೆಯ ಲೋಟವನ್ನು ತೋರಿಸಿದ.

"ಹತ್ತಿರ ಬರುತ್ತೆ. ಇದೇ ಅಂತ ಹೇಳಲ್ಲ."

ಅವನು ಎದ್ದ. ಕಟ್ಟನ್ನು ಕಂಕುಳಲ್ಲಿಟ್ಟುಕೊಂಡ. ಬಾಗಿಲ ಹತ್ತಿರ ನಿಂತು, ಹಿಂದೆ ತಿರುಗದೆ, "ಈಗ್ಲೇ ಬೆಚ್ಚಗೆ ಮಾಡೋಕೆ ಶುರುಮಾಡು. ಉಳಿದಿದ್ದು ಸೋಮವಾರ ಮಾತಾಡೋಣ," ಎಂದ. ಅವನು ಮೆಟ್ಟಿಲು ಹತ್ತುವ ಸದ್ದು, ಆಫೀಸಿನ ಕಪಾಟು ತೆರೆದ ಸದ್ದು, ಮುಚ್ಚಿದ ಸದ್ದು ಕೇಳಿಸಿತು. ಅತ್ತಿಗೆ ಬೆಣ್ಣೆ ವಾಸನೆಯ ಲೋಟಗಳನ್ನು ಒಂದೊಂದಾಗಿ ಸಿಂಕಿಗೆ ಸುರಿದಳು. ಲಾರಿಯಣ್ಣ ಬ್ರೆಡ್ಡಿನ ಪೊಟ್ಟಣದ ಬಾಯಿ ಕಟ್ಟಿದ.

ತಂಪಕ್ಕ ಕೆಳಗೆ ಹೋದಳು. ತಣ್ಣೀರಿನ ವಾಲ್ವನ್ನು ಮುಚ್ಚಿ, ಟ್ಯಾಂಕಿನ ಹೊರಕವಚಕ್ಕೆ ಬಿಸಿನೀರಿನ ಪೈಪು ಜೋಡಿಸಿದಳು. ಒಮ್ಮೆಲೇ ಕಾಯಿಸುವಂತಿಲ್ಲ, ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಏರಬಾರದು. ಡಿಗ್ರಿಯ ಮುಳ್ಳು ಇನ್ನೂ ಒಂದರ ಮೇಲೆಯೇ ಇತ್ತು. ಅವಳು ಬಾಟಲಿ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

ದೊಡ್ಡಪ್ಪ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದ. ಇನ್ನೊಂದು ಕೈಯಲ್ಲಿ ಎರಡು ಲೋಟಗಳನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿ ಹಿಡಿದಿದ್ದ. ಅವಳು ಎದ್ದು ಜಾಗ ಕೊಡಹೋದಳು. ಅವನು ಬೇಡವೆಂದು ತಲೆಯಾಡಿಸಿ ಇನ್ನೊಂದು ಕ್ರೇಟನ್ನು ಕಾಲಿನಲ್ಲಿ ಎಳೆದು ಕೂತ.

"ಯಾವುದು ಇದು?" ಎಂದಳು.

"ನಾಲ್ಕು. ಬಾಟಲಿ ತಳದಲ್ಲಿ ಉಳಿದಿತ್ತು." ಒಂದನ್ನು ಅವಳಿಗೆ ಕೊಟ್ಟ. "ಕುಡಿ. ನೀನೊಬ್ಬಳೇ ಇವತ್ತು ಏನೂ ಕುಡಿದಿಲ್ಲ."

ಇಬ್ಬರೂ ಕುಡಿದರು. ಚಳಿಯಲ್ಲಿ ಅವರ ಉಸಿರು ಲೋಟದ ಮೇಲೆ ಹಬೆ ಕಟ್ಟಿ ಹೋಗುತ್ತಿತ್ತು.

"ಇದನ್ನ ಬೆಣ್ಣೆ ಮಾಡ್ಕೊಂಡ್ಯಲ್ಲ," ಎಂದ ದೊಡ್ಡಪ್ಪ. ಬೈಯುವ ದನಿಯೂ ಇರಲಿಲ್ಲ, ಸಮಾಧಾನದ ದನಿಯೂ ಇರಲಿಲ್ಲ. "ಮೂವತ್ತು ವರ್ಷದಲ್ಲಿ ನಂಗೆ ಇಂಥ ರುಚಿ ಎರಡೇ ಸಲ ಬಂದಿದ್ದು."

ಅವಳು ಇನ್ನೊಂದು ಗುಟುಕು ಕುಡಿದಳು.

ದೊಡ್ಡಪ್ಪನೇ ಮತ್ತೆ ಕೇಳಿದ. "ಸಾಮಾನೆಲ್ಲ ಹೋಯ್ತಾ?"

"ಹೋಯ್ತು. ಫ್ರಿಜ್ಜು ಮೆಟ್ಟಿಲ ತಿರುವಲ್ಲಿ ಸಿಕ್ಕಾಕೊಂಡ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಾನು ಕೆಳಗೆ, ಅವಳು ಮೇಲೆ. ಒಂದು ಗಂಟೆ."

"ಆಮೇಲೆ?"

"ಫ್ರಿಜ್ಜಿನ ಬಾಗಿಲು ಕಳಚಿದ್ವಿ. ಹತ್ತಿತು."

"ಮಾತಾಡ್ತಾಳಾ ಈಗ?"

"ಭಾನುವಾರ ಭಾನುವಾರ ಫೋನ್ ಮಾಡ್ತಾಳೆ. ಫ್ರಿಜ್ಜು ಸದ್ದು ಮಾಡುತ್ತೆ ಅಂತ ನನ್ನೇ ಬೈತಾಳೆ."

ದೊಡ್ಡಪ್ಪ ಹೂಂಗುಟ್ಟಿ ಲೋಟ ಖಾಲಿ ಮಾಡಿದ. ಅದನ್ನು ಅವಳ ಕಡೆ ಚಾಚಲು ಕೈ ಎತ್ತಿ, ಬಾಟಲಿ ಇಲ್ಲವೆಂಬುದು ನೆನಪಾಗಿ, ನೆಲದ ಮೇಲಿಟ್ಟ.

ತಂಪಕ್ಕ ಎದ್ದು ಟ್ಯಾಂಕಿನ ಬಾಗಿಲ ಹತ್ತಿರ ಹೋದಳು. ಆರು ತಿಂಗಳ ಸೀಮೆಸುಣ್ಣ ಗಟ್ಟಿಯಾಗಿ ಕೂತಿತ್ತು. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ '೩'ರ ಮೇಲೆ ಉಜ್ಜಿದಳು; ಹೋಗಲಿಲ್ಲ. ಸ್ವೆಟರಿನ ತೋಳನ್ನು ಕೆಳಗೆಳೆದು, ಮುಷ್ಟಿಯಲ್ಲಿ ಹಿಡಿದು ಜೋರಾಗಿ ಉಜ್ಜಿದಳು. ಆ ಜಾಗದಲ್ಲಿ '೧' ಎಂದು ಬರೆದಳು. ಅದರ ಕೆಳಗೆ ಇವತ್ತಿನ ತಾರೀಖು ಹಾಕಿ, ಮುಂದೆ ಎಷ್ಟು ದಿನ ಎಂಬ ಜಾಗವನ್ನು ಖಾಲಿ ಬಿಟ್ಟಳು.

ಟ್ಯಾಂಕಿನ ಹೊಟ್ಟೆಯ ಸುತ್ತ ಬೇಸಿಗೆಯಿಡೀ ಕಟ್ಟಿದ್ದ ಬಿಳಿಯ ಹಿಮದ ಪದರ ಪೈಪಿನ ಹತ್ತಿರ ಕರಗಿ ಕಪ್ಪಾಗತೊಡಗಿತ್ತು. ಅಲ್ಲಿಂದ ಒಂದು ಹನಿ ಇಳಿದು, ಬೆಸುಗೆಯ ಗೆರೆಯ ಮೇಲೆ ನಿಂತು, ದಪ್ಪವಾಗಿ, ನೆಲದ ಮೋರಿಗೆ ಬಿತ್ತು. ಅವಳು ಕ್ರೇಟಿಗೆ ಮರಳಿದಳು; ಇಬ್ಬರೂ ಎರಡನೆಯ ಹನಿ ಬೀಳುವುದನ್ನು ನೋಡುತ್ತಾ ಕೂತರು.